ಜೊತೆಗೆ ಬಿಟ್ಟವರು

ಸಿಗರೇಟು ಬಿಡುವ ದರ್ದು ಮಾಸ್ಟರಿಗೆ ಇರಲಿಲ್ಲ. ಕೆಮ್ಮಿದವನು ಅವರ ತಮ್ಮ.

ಮನೆಯ ಮುಂಭಾಗವೇ ಅವರ ಹೊಲಿಗೆ ಅಂಗಡಿ. ಬೀದಿಗೆ ತೆರೆದ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಎರಡು ಮಿಷನ್ನು, ಆಳೆತ್ತರದ ಕನ್ನಡಿ. ಅದರ ಹಿಂದೆ ಇಸ್ತ್ರಿ ಕೋಣೆ, ಅದನ್ನು ದಾಟಿದರೆ ಅಡುಗೆಮನೆ, ಕೊನೆಗೆ ಹಿಂದಿನ ಓಣಿಗೆ ತೆರೆಯುವ ಬಾಗಿಲು. ಕೋಟು ಹೊಲಿಯುವುದರಲ್ಲಿ ಸುತ್ತಮುತ್ತ ಅವರಿಗೆ ಸರಿಸಾಟಿ ಇಲ್ಲದ್ದರಿಂದ ಎಲ್ಲರ ಬಾಯಲ್ಲೂ ಅವರು ಮಾಸ್ಟರು. ತಮ್ಮನಿಗೆ ನಲವತ್ತಾರು ವರ್ಷ, ತಲೆ ಅರ್ಧ ನರೆತಿದೆ, ಮದುವೆಯ ಗೊಡವೆಗೆ ಹೋದವನಲ್ಲ. ತಾಯಿ ತೊಟ್ಟಿಲಲ್ಲಿ ಕರೆದ 'ಪುಟ್ಟ' ಅನ್ನುವ ಹೆಸರು ಮಾತ್ರ ಅವನನ್ನು ಬಿಟ್ಟು ಹೋಗಿರಲಿಲ್ಲ. ಇಸ್ತ್ರಿ ಹಾಕುವುದು, ಗುಂಡಿ ಹಚ್ಚುವುದು, ಬಂದ ಗಿರಾಕಿಗಳನ್ನು ನಗಿಸಿ ಕಳಿಸುವುದು ಪುಟ್ಟನ ಕೆಲಸ.

ಮಾಸ್ಟರ ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಚಿಕ್ಕಪ್ಪನ ಕೆಮ್ಮು ಎರಡು ತಿಂಗಳಾದರೂ ನಿಲ್ಲದಿದ್ದಾಗ ಅವಳೇ ಕೈಹಿಡಿದು ಎಳೆದುಕೊಂಡು ಹೋದಳು. ಎದೆಯ ಚಿತ್ರದಲ್ಲಿ ಬಲಗಡೆ, ಕೆಳಗೆ, ಒಂದು ಮಚ್ಚೆ. ಹಳೇ ಕಾಯಿಲೆಯ ಗುರುತೂ ಇರಬಹುದು, ಬೇರೇನೂ ಇರಬಹುದು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಲ್ಲಿಯವರೆಗೆ ಒಂದೇ ಒಂದು ಸಿಗರೇಟೂ ಕೂಡದು ಅಂದರು ಡಾಕ್ಟರು.

ಆ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಪುಟ್ಟ ಅನ್ನ ಕಲಸುತ್ತಾ ಕಲಸುತ್ತಾ ಹೇಳಿದ: "ಒಬ್ಬನೇ ಬಿಡೋಕೆ ನನ್ನ ಕೈಲಾಗಲ್ಲ. ಕಣ್ಣೆದುರಿಗೇ ಅಣ್ಣ ಸೇದ್ತಾ ಇದ್ರೆ ನಾನು ಹೇಗೆ ಸುಮ್ನೆ ಇರ್ಲಿ? ಅಣ್ಣ ಬಿಟ್ರೆ ನಾನೂ ಬಿಡ್ತೀನಿ."

ಹೆಂಡತಿ, ಮಗಳು, ತಾಯಿ ಮೂವರೂ ಮಾಸ್ಟರ ಮುಖ ನೋಡಿದರು. ಪುಟ್ಟನಿಗೆ ಹದಿನಾರು ತುಂಬಿದಾಗ, 'ಗಂಡಸಾದೆ, ತಗೋ' ಅಂತ ಮೊದಲ ಸಿಗರೇಟು ಕೊಟ್ಟ ಕೈ ತನ್ನದೇ ಅಲ್ಲವೇ ಅನ್ನುವುದು ಮಾಸ್ಟರಿಗೆ ನೆನಪಾಯಿತು. ಮೂವತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

"ಆಯ್ತು," ಅಂದರು. "ಇವತ್ತಿಂದ್ಲೇ."

ಅಣ್ಣ ತಮ್ಮ ಇಬ್ಬರೂ ಜೇಬಿನಲ್ಲಿದ್ದ ಪ್ಯಾಕುಗಳನ್ನು ನೀರಿನ ಬಕೆಟ್ಟಿಗೆ ಹಾಕಿದರು. ಮಾಸ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತಾರು ವರ್ಷದಿಂದ ಅವಳು ಬೇಡಿಕೊಂಡಿದ್ದು ಪುಟ್ಟನ ಒಂದು ಕೆಮ್ಮಿಗೆ ಆಗಿತ್ತು.

ಮೊದಲ ವಾರ ತಲೆನೋವು, ಬೆವರು, ಸಿಡುಕು. ಅದನ್ನು ಮಾಸ್ಟರು ಹಲ್ಲುಕಚ್ಚಿ ಕಳೆದರು. ಅದು ಗೊತ್ತಿದ್ದ ಶತ್ರು. ಗೊತ್ತಿಲ್ಲದ್ದು ಬಂದದ್ದು ಎರಡನೆಯ ವಾರದಲ್ಲಿ.

ಬೆಳಿಗ್ಗೆ ಮೇಜಿನ ಮೇಲೆ ಬಟ್ಟೆ ಹಾಸಿ, ಗೆರೆ ಹಾಕಿ, ಕತ್ತರಿ ಕೈಗೆ ತಗೊಂಡವರು ಹಾಗೇ ನಿಂತುಬಿಟ್ಟರು. ಬಟ್ಟೆ ಚೆನ್ನಾಗಿತ್ತು, ಗೆರೆ ಸರಿಯಾಗಿತ್ತು. ಆದರೆ ಕತ್ತರಿಸಿ ಏನಾಗಬೇಕು ಅನ್ನಿಸಿತು. ಹೊಲಿದರೆ ಒಬ್ಬ ತೊಡುತ್ತಾನೆ, ಹರಿದರೆ ಇನ್ನೊಂದು ಹೊಲಿಸುತ್ತಾನೆ. ಅಷ್ಟಕ್ಕೆ ಮೂವತ್ತು ವರ್ಷ ಈ ಮೇಜಿನ ಮುಂದೆ ನಿಂತೆನಾ? ಮೊದಲಾದರೆ ಇಂಥ ಯೋಚನೆ ಬಾಗಿಲಿಗೆ ಬರುವ ಮುಂಚೆಯೇ ಓಣಿಗೆ ಹೋಗಿ ಒಂದು ಹಚ್ಚಿ, ಹೊಗೆಯ ಜೊತೆ ಊದಿ ಬರುತ್ತಿದ್ದರು. ಈಗ ಅದು ಒಳಗೆ ಬಂದು ಚಾಪೆ ಹಾಸಿ ಕೂತಿತು.

ಊಟ ರುಚಿಸಲಿಲ್ಲ. ಮಿಷನ್ನಿನ ದಾರ ತುಂಡಾದರೆ ಕೆಲಸ ಬಿಟ್ಟು ಎದ್ದುಬಿಡುತ್ತಿದ್ದರು. ಒಂದು ದಿನ ಸೂಜಿಗೆ ದಾರ ಪೋಣಿಸಲು ಆಗದೆ ಕಣ್ಣಲ್ಲಿ ನೀರೇ ಬಂತು. ಕಣ್ಣು ಮಂಜಾಗಿದ್ದ ತಾಯಿಗೂ ಅದು ಕಾಣಿಸಿತು.

"ಏನಾಯ್ತೋ? ಯಾರೇನಂದ್ರು?"

"ಯಾರೂ ಏನೂ ಅಂದಿಲ್ಲ, ಅಮ್ಮ."

"ಮತ್ಯಾಕೋ ಈ ಅಳು? ಪುಟ್ಟನೂ ಬಿಟ್ಟಿದ್ದಾನಲ್ಲ. ನೋಡು, ಹೇಗೆ ನಗ್ತಾ ಓಡಾಡ್ಕೊಂಡಿದ್ದಾನೆ."

ನಿಜ. ಪುಟ್ಟ ನಗುತ್ತಿದ್ದ. ಇಸ್ತ್ರಿ ಉಜ್ಜುತ್ತಾ ಹಾಡುತ್ತಿದ್ದ. ಅವನ ಕೆಮ್ಮು ಕೂಡ ಸ್ವಲ್ಪ ಕಮ್ಮಿಯಾದಂತೆ ಕಾಣುತ್ತಿತ್ತು. ಮಾಸ್ಟರು ತಟ್ಟೆ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಾಗೆಲ್ಲ ಹೆಂಡತಿಯೂ ಅದೇ ರಾಗ ತೆಗೆಯುತ್ತಿದ್ದಳು.

"ರೀ, ಒಂದು ತುತ್ತು ಆದ್ರೂ ನೆಟ್ಟಗೆ ತಿನ್ನಿ. ಪುಟ್ಟ ಎರಡನೇ ಸಲ ಬಡಿಸ್ಕೊಂಡ."

"ಉಪ್ಪು ಜಾಸ್ತಿ ಆಗಿದೆ."

"ನಿನ್ನೆ ಕಮ್ಮಿ ಅಂದ್ರಿ."

"ನಿನ್ನೆ ಕಮ್ಮಿ ಇತ್ತು, ಇವತ್ತು ಜಾಸ್ತಿ. ನನ್ನ ನಾಲಿಗೆ ಮೇಲೂ ನನಗೆ ಹಕ್ಕಿಲ್ವಾ?"

"ಅಣ್ಣ, ಅತ್ತಿಗೆ ಮೇಲೆ ಯಾಕೆ ಹಾರಾಡ್ತೀಯ?" ಪುಟ್ಟ ನಗುತ್ತಾ ನಡುವೆ ಬಂದ. "ನನ್ನ ಹಾಗೆ ಮನಸ್ಸು ಬೇರೆ ಕಡೆ ತಿರುಗಿಸು. ಸುಲಭ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ತಮ್ಮ ಬಿಟ್ಟುಬಿಟ್ಟ, ತಾನು ಮಾತ್ರ ಕೆಸರಲ್ಲಿ ಹೂತ ಗಾಡಿಯ ಹಾಗೆ ನಿಂತಿದ್ದೇನೆ. ಹಾಗಾದರೆ ಕೆಟ್ಟಿರುವುದು ಸಿಗರೇಟಲ್ಲ, ತಾನೇ, ಅಂದುಕೊಂಡರು ಮಾಸ್ಟರು. ಆಮೇಲೆ ಆ ಯೋಚನೆ ಅವರನ್ನು ಬಿಡಲಿಲ್ಲ.

ಮಗಳೊಬ್ಬಳೇ ಬೇರೆ ಮಾತಾಡಿದವಳು. "ಅಪ್ಪ, ಬಿಟ್ಟವರಿಗೆ ಈ ಬೇಜಾರು ಬರೋದು ಮಾಮೂಲು. ಇಷ್ಟು ವರ್ಷ ತಲೆ ಹೊಗೆಗೆ ಒಗ್ಗಿಹೋಗಿದೆ, ಈಗ ಅದಿಲ್ಲದೆ ಖುಷಿಯಾಗಿರೋದನ್ನ ಮೊದಲಿಂದ ಕಲೀಬೇಕು. ಕೆಲವು ವಾರ ಹಿಡಿಯುತ್ತೆ. ಜಾಸ್ತಿ ಆದ್ರೆ ಮುಚ್ಚಿಡಬೇಡ, ಡಾಕ್ಟರ ಹತ್ರ ಹೋಗೋಣ."

"ಮತ್ತೆ ನಿನ್ನ ಚಿಕ್ಕಪ್ಪನಿಗೆ ಯಾಕೆ ಬರಲಿಲ್ಲ?"

"ಒಬ್ಬೊಬ್ಬರಿಗೆ ಒಂದೊಂದು ಥರ," ಅಂದಳು ಅವಳು. ಅವಳಿಗೂ ಅದು ಒಗಟಾಗಿತ್ತು. "ನಾಳೆಯಿಂದ ನನ್ನ ಜೊತೆ ನಡ್ಕೊಂಡು ಆಸ್ಪತ್ರೆ ಗೇಟಿನವರೆಗೆ ಬಾ. ಮಾತಾಡದಿದ್ರೂ ಪರವಾಗಿಲ್ಲ, ಬಾ."

ಹಾಗೆ ನಡಿಗೆ ಶುರುವಾಯಿತು. ಹೋಗುವಾಗ ಮಗಳ ಜೊತೆ, ಬರುವಾಗ ಒಬ್ಬರೇ. ಕೈ ಸುಮ್ಮನಿದ್ದರೆ ಜೇಬಿಗೆ ಹೋಗುತ್ತದೆ ಅಂತ ಮಿಷನ್ನಿನಲ್ಲಿ ಹಾಕುತ್ತಿದ್ದ ಕಾಜಾಗಳನ್ನು ಕೈಯಲ್ಲೇ ಹೊಲಿಯತೊಡಗಿದರು. ಗುಂಡಿ ತೂರುವ ಆ ಒಂದಿಂಚಿನ ತೂತಿಗೆ ಒಂದೊಂದೇ ಹೊಲಿಗೆ ಎಣಿಸುತ್ತಾ ಹಾಕಿದರೆ ಕಾಲು ಗಂಟೆ ಕಳೆಯುತ್ತಿತ್ತು. ಕಾಲು ಗಂಟೆ ಕಳೆಯುವುದೇ ಆಗ ದೊಡ್ಡ ಸಾಧನೆ.

ಮೂರನೆಯ ವಾರ ಲಾಯರಮ್ಮನ ಕಪ್ಪು ಕೋಟಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟರು. ಕೆಲಸ ಕಲಿಯುವಾಗಲೂ ಮಾಡದ ತಪ್ಪು. ಪುಟ್ಟ ಎರಡು ತೋಳುಗಳನ್ನೂ ಎತ್ತಿ ಹಿಡಿದು, "ಲಾಯರಮ್ಮ ಎರಡೂ ಕಡೆ ಎಡಗೈಯಲ್ಲೇ ವಾದ ಮಾಡ್ಬೇಕು ಬಿಡು," ಅಂದ. ಎಲ್ಲರೂ ನಕ್ಕರು. ಮಾಸ್ಟರು ಎದ್ದು ಕನ್ನಡಿಯ ಕಡೆ ಬೆನ್ನು ಮಾಡಿ ಕೂತರು. ಆ ದಿನಗಳಲ್ಲಿ ತಮ್ಮ ಮುಖ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮಾರನೆಯ ದಿನ ಹೊಸ ಬಟ್ಟೆ ತಂದು ತೋಳು ಮತ್ತೆ ಕತ್ತರಿಸಿದರು.

ನಾಲ್ಕನೆಯ ವಾರ ಮೂಗು ಮರಳಿ ಬಂತು. ಒಂದು ಬೆಳಿಗ್ಗೆ ಉಣ್ಣೆ ಬಟ್ಟೆಯ ಥಾನು ಬಿಚ್ಚಿದಾಗ, ಮಳೆಯಲ್ಲಿ ನೆಂದ ಕುರಿಯ ವಾಸನೆ ಗಮ್ಮೆಂದು ಬಡಿಯಿತು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಬಟ್ಟೆಗೆ ಇಂಥ ವಾಸನೆ ಇದೆ ಅಂತಲೇ ಅವರಿಗೆ ಮರೆತುಹೋಗಿತ್ತು. ಬೆಂದ ಆಲೂಗಡ್ಡೆ, ಮಿಷನ್ನಿನ ಎಣ್ಣೆ, ಹೆಂಡತಿಯ ಒದ್ದೆ ಕೂದಲು, ಎಲ್ಲಕ್ಕೂ ಒಂದೊಂದು ವಾಸನೆ. ಎರಡು ದಿನ ಅವರು ಸಣ್ಣ ಮಗುವಿನ ಹಾಗೆ ಮೂಸಿಕೊಂಡು ಓಡಾಡಿದರು.

ಮೂರನೆಯ ದಿನ ಇಸ್ತ್ರಿ ಕೋಣೆಯಲ್ಲಿ ಬೇರೊಂದು ವಾಸನೆ ಬಂತು.

"ಪುಟ್ಟ, ಇಲ್ಲಿ ಸಿಗರೇಟು ವಾಸನೆ ಬರ್ತಿದೆ ಕಣೋ."

ಪುಟ್ಟ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಅಣ್ಣನ ಹೆಗಲ ಮೇಲೆ ಕೈ ಹಾಕಿದ. "ಅದು ಇಲ್ಲಿನ ವಾಸನೆ ಅಲ್ಲ ಅಣ್ಣ, ನಿನ್ನ ತಲೆಯೊಳಗಿನದು. ಮನಸ್ಸು ಬೇಡ್ತಿದೆ, ಮೂಗು ತೋರಿಸ್ತಿದೆ."

ಹೆಂಡತಿಯನ್ನು ಕೇಳಿದರು. ಅವಳು ಈರುಳ್ಳಿ ಹೆಚ್ಚುತ್ತಾ, ತಲೆಯೆತ್ತದೆ, "ನಂಗೇನೂ ಬರ್ತಿಲ್ಲಪ್ಪ," ಅಂದಳು. ಅಲ್ಲಿಗೆ ಮಾಸ್ಟರು ತಮ್ಮ ಮೂಗನ್ನೂ ನಂಬುವುದು ಬಿಟ್ಟರು. ತಲೆ ಕೆಡುತ್ತಿದೆಯೇನೋ ಅಂತ ಹೆದರಿಕೆಯಾಯಿತು. ಹುಚ್ಚು ಹಿಡಿಯುವುದು ಹೀಗೇ ಇರಬೇಕು, ಇಲ್ಲದ್ದರ ವಾಸನೆಯಿಂದ ಶುರುವಾಗುತ್ತದೆ ಅಂದುಕೊಂಡು, ಆ ಮಾತನ್ನು ಮಗಳಿಗೂ ಹೇಳದೆ ನುಂಗಿಕೊಂಡರು.

ನಲವತ್ತನೆಯ ದಿನ ಲಾಯರಮ್ಮ ಕೋಟು ವಾಪಸು ತಂದರು. ಹೊಲಿಗೆಯಲ್ಲಿ ತಪ್ಪಿಲ್ಲ, ಅಳತೆಯಲ್ಲಿ ಕೊರತೆಯಿಲ್ಲ. ಕಾಗದದ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಒಳ್ಳೆಯ ಮಾತಿನಲ್ಲೇ ಹೇಳಿದರು: "ಮಾಸ್ಟರೇ, ಬೇಜಾರು ಮಾಡ್ಕೋಬೇಡಿ. ಕೋಟೆಲ್ಲ ಸಿಗರೇಟು ವಾಸನೆ. ನನ್ನ ಮಗಳಿಗೆ ಉಬ್ಬಸ ಇದೆ, ಹತ್ತಿರಕ್ಕೆ ಬರೋಕೂ ಆಗ್ತಿಲ್ಲ. ನೀವು ಬಿಟ್ಟಿದ್ದೀರಿ ಅಂತ ಕೇಳಿದ್ದೆ."

"ಬಿಟ್ಟಿದ್ದೀನಿ ಅಮ್ಮ! ನಲವತ್ತು ದಿನ ಆಯ್ತು. ಮುಟ್ಟಿಲ್ಲ."

ಲಾಯರಮ್ಮ ಮೆಲ್ಲಗೆ ನಕ್ಕರು. ಸಾಕ್ಷಿಗಳ ಸುಳ್ಳು ಕೇಳಿ ಕೇಳಿ ರೂಢಿಯಾದವರ ನಗು. "ಕಷ್ಟ ಅದು. ನಮ್ಮ ತಂದೆಯವರೂ ಮೂರು ಸಲ ಬಿಟ್ಟಿದ್ರು."

ಮಾಸ್ಟರು ತಿರುಗಿ ತಮ್ಮನನ್ನು ನೋಡಿದರು. ಹೇಳೋ, ನೀನಾದರೂ ಹೇಳೋ ಅನ್ನುವ ನೋಟ. ಪುಟ್ಟ ಇಸ್ತ್ರಿ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಕೋಟನ್ನು ಕೈಗೆತ್ತಿಕೊಂಡು, "ನಾನು ಗಾಳಿಗೆ ಹಾಕಿ, ಹೊಸದಾಗಿ ಇಸ್ತ್ರಿ ಮಾಡಿ ಕೊಡ್ತೀನಿ ಮೇಡಂ," ಅಂದ. ಆಮೇಲೆ ಅಣ್ಣನ ಕಡೆ ತಿರುಗಿ, ಗಿರಾಕಿಗೆ ಕೇಳುವ ಹಾಗೆಯೇ, "ಹೋಗ್ಲಿ ಬಿಡು ಅಣ್ಣ. ಒಂದೊಂದ್ಸಲ ಕೈ ಮೀರಿ ಹೋಗತ್ತೆ," ಅಂದ.

ಮಾಸ್ಟರು ಮೇಜಿನ ಮೇಲಿದ್ದ ಕಾಗದದ ಚೀಲವನ್ನು ಮಡಿಸಿಟ್ಟರು. ಮಾಡದ ತಪ್ಪಿಗೆ ತಮ್ಮ ಕ್ಷಮೆ ಕೊಟ್ಟಿದ್ದ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಮಾತು ಹೊತ್ತಿಕೊಂಡಿತು. ಮಗಳಿಗೆ ಅಂದು ರಜೆ, ಅವಳೂ ಇದ್ದಳು.

"ಕೊಟ್ಟ ಮಾತು ಉಳಿಸ್ಕೊಳ್ಳೋಕಾಗದಿದ್ರೆ ಕೊಡಬಾರದಿತ್ತು ಕಣಪ್ಪ," ಅಂದಳು ತಾಯಿ, ತಟ್ಟೆ ನೋಡುತ್ತಾ.

"ಅಮ್ಮ, ನಾನು ಸೇದಿಲ್ಲ!"

"ಕೋಟು ತಾನೇ ಸೇದ್ತಾ ಹಾಗಾದ್ರೆ?"

ಮಗಳು ಎದ್ದು ಬಂದು ಅಪ್ಪನ ಬಲಗೈ ಹಿಡಿದು ಬೆರಳು ಮೂಸಿದಳು. ಅಂಗಿಯ ಕಾಲರು ಮೂಸಿದಳು. "ಬಾಯಿ ತೆಗಿ," ಅಂದಳು. ಐವತ್ತನಾಲ್ಕು ವರ್ಷದ ಮಾಸ್ಟರು ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆಗೆದರು.

"ಅಪ್ಪ ಸೇದಿಲ್ಲ," ಅಂದಳು ಮಗಳು. "ಖಂಡಿತ ಇಲ್ಲ."

ಆಗ ಮೇಜಿನ ಸುತ್ತ ಯಾರೂ, 'ಮತ್ತೆ ಯಾರು?' ಅಂತ ಕೇಳಲಿಲ್ಲ. ಕೇಳಬೇಕಾದ ಮಾತು ಅದೊಂದೇ ಆಗಿತ್ತು. ಪುಟ್ಟ ತಲೆ ಬಗ್ಗಿಸಿ ಬೇಗ ಬೇಗ ತುತ್ತು ಎತ್ತಿದ. ಮಾಸ್ಟರ ಹೆಂಡತಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿತು, ಹೊರಚೆಲ್ಲಿತು, ಮೇಜಿನ ಮೇಲೆ ಹರಿಯಿತು, ಅವಳು ಬಗ್ಗಿಸುತ್ತಲೇ ಇದ್ದಳು.

ಮಾಸ್ಟರು ಆ ನೀರನ್ನು ನೋಡಿದರು.

ಮಾರನೆಯ ದಿನ ಮಗಳ ಜೊತೆ ಹೊರಟವರು ಅರ್ಧ ದಾರಿಯಲ್ಲೇ, "ನೀನು ಹೋಗಮ್ಮ, ನನಗೊಂದು ಕೆಲಸ ಇದೆ," ಅಂತ ತಿರುಗಿದರು. ಮುಂದಿನ ಬಾಗಿಲಿಗೆ ಬರಲಿಲ್ಲ. ಬೀದಿ ಸುತ್ತಿ ಹಿಂದಿನ ಓಣಿಗೆ ಬಂದರು.

ಪುಟ್ಟ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಬೆರಳ ಸಂದಿಯಲ್ಲಿ ಅರ್ಧ ಉರಿದ ಸಿಗರೇಟು. ಅಷ್ಟನ್ನೇ ಕಂಡಿದ್ದರೆ ಮಾಸ್ಟರು ತಡೆದುಕೊಳ್ಳುತ್ತಿದ್ದರೇನೋ. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಸೋಪಿನ ಬಟ್ಟಲು, ಇನ್ನೊಂದು ಕೈಯಲ್ಲಿ ಒಗೆದ ಅಂಗಿ. ಒಳಗಡೆಗೊಮ್ಮೆ ಕತ್ತು ತಿರುಗಿಸಿ ನೋಡಿ, "ಬೇಗ ಮುಗಿಸೋ, ಅವರು ಬರೋ ಹೊತ್ತಾಯ್ತು. ಅಂಗಿ ಬದಲಾಯಿಸ್ಕೊಂಡೇ ಒಳಗೆ ಬಾ. ನಿನ್ನೆ ಆದ ಹಾಗೆ ಆಗೋದು ಬೇಡ," ಅನ್ನುತ್ತಿದ್ದಳು.

"ಬಂದಾಯ್ತು," ಅಂದರು ಮಾಸ್ಟರು.

ಸೋಪಿನ ಬಟ್ಟಲು ಕೆಳಗೆ ಬಿತ್ತು. ಪುಟ್ಟ ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಹಿಂದಿನಿಂದ ಹೊಗೆ ಏಳುತ್ತಲೇ ಇತ್ತು.

"ಎಷ್ಟು ದಿನದಿಂದ?"

ಪುಟ್ಟ ಅತ್ತಿಗೆಯ ಮುಖ ನೋಡಿದ.

"ಎಷ್ಟು ದಿನದಿಂದ ಅಂದೆ."

"ನಾಲ್ಕು ದಿನ ಬಿಟ್ಟಿದ್ದೆ ಅಣ್ಣ," ಅಂದ ಪುಟ್ಟ. "ನಿಜವಾಗ್ಲೂ ನಾಲ್ಕು ದಿನ. ಐದನೇ ದಿನ ಆಗಲಿಲ್ಲ. ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಆ ಥರ ಆಗಿಬಿಟ್ಟೆ. ಸೂಜಿ ಹಿಡ್ಕೊಂಡು ಅಳ್ತಿದ್ದೆ. ಬಿಟ್ರೆ ಹೀಗಾಗತ್ತೆ ಅಂತ ನೋಡಿ ನನಗೆ ಇನ್ನೂ ಭಯ ಆಯ್ತು."

"ನನ್ನ ಮೂಗಿಗೆ ವಾಸನೆ ಬಂತು ಅಂದಾಗ ನನ್ನ ತಲೆ ಕೆಟ್ಟಿದೆ ಅಂದ್ಯಲ್ಲೋ!"

ಪುಟ್ಟ ಸಿಗರೇಟನ್ನು ನೆಲಕ್ಕೆ ಹಾಕಿ ತುಳಿದ.

ಮಾಸ್ಟರು ಹೆಂಡತಿಯ ಕಡೆ ತಿರುಗಿದರು. "ನೀನು?"

"ನಾನೇ ಹೇಳಬೇಡ ಅಂದೆ." ಅವಳು ಹಿಂದೆ ಸರಿಯಲಿಲ್ಲ. "ಅವನು ಬಿಟ್ಟಿಲ್ಲ ಅಂತ ಗೊತ್ತಾದ ಕ್ಷಣ ನೀವೂ ಶುರು ಮಾಡ್ತಿದ್ರಿ. ಇಬ್ಬರೂ ಹೋಗೋ ಬದಲು ಒಬ್ಬರಾದ್ರೂ ಉಳೀಲಿ ಅಂತ."

"ದಿನಾ ಊಟಕ್ಕೆ ಕೂತಾಗ, 'ಪುಟ್ಟನ್ನ ನೋಡಿ' ಅಂತ ಚುಚ್ಚಿದ್ಯಲ್ಲ. ಅದೂ ನನ್ನ ಉಳಿಸೋಕಾ?"

"ಛಲ ಹುಟ್ಟಲಿ ಅಂತ ಅಂದೆ ರೀ..."

"ಛಲ ಹುಟ್ಟಲಿಲ್ಲ ಕಣೇ. ನಾನು ಕೈಲಾಗದವನು, ನನ್ನೊಳಗೇ ಏನೋ ಹುಳುಕು ಅಂತ ಅನ್ನಿಸ್ತು. ನಲವತ್ತು ದಿನ."

ಗಲಾಟೆ ಕೇಳಿ ತಾಯಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮಾಸ್ಟರು ಅವಳನ್ನೂ ಕೇಳಿದರು. "ಅಮ್ಮ, ನಿನಗೂ ಗೊತ್ತಿತ್ತಾ?"

"ಮಂಜಾಗಿರೋದು ಕಣ್ಣು ಕಣೋ," ಅಂದಳು ತಾಯಿ, "ಮೂಗಲ್ಲ."

"ಮತ್ತೆ ನಿನ್ನೆ ಎಲ್ಲರೆದುರು ನನಗೆ ಬುದ್ಧಿ ಹೇಳಿದೆ?"

"ಅವನಿಗೆ ಕಾಯಿಲೆ. ಕಾಯಿಲೆಯವನಿಗೆ ಹೇಗೆ ಬೈಲಿ? ನೀನಾದ್ರೆ ಗಟ್ಟಿ."

ಮಾಸ್ಟರು ಮುಂದಿನ ಬಾಗಿಲಿಂದ ಹೊರಗೆ ನಡೆದರು. ಹಿಂದಿನಿಂದ ಹೆಂಡತಿ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಕಾಲು ತಾನಾಗಿಯೇ ತಿರುವಿನ ಪೆಟ್ಟಿಗೆ ಅಂಗಡಿಗೆ ಎಳೆದುಕೊಂಡು ಹೋಯಿತು. "ಒಂದು ಪ್ಯಾಕು ಕೊಡು," ಅಂದರು.

ಅಂಗಡಿಯವನು ಕೈ ಆಡಿಸಲಿಲ್ಲ. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು, "ನಿಮಗೆ ಕೊಡಬೇಡಿ ಅಂತ ಅಮ್ಮಾವರು ಹೇಳಿದಾರೆ ಮಾಸ್ಟರೇ," ಅಂದ. "ನಿಮ್ಮ ತಮ್ಮಂಗೆ ಕೊಟ್ಟಿದ್ದನ್ನ ನಿಮ್ಮೆದುರು ಬಾಯಿ ಬಿಡಬೇಡಿ ಅಂತಾನೂ..." ಅಷ್ಟು ಹೇಳಿದ ಮೇಲೆ ತಾನು ಬಾಯಿ ಬಿಟ್ಟದ್ದು ಅವನಿಗೇ ಹೊಳೆದು ನಾಲಿಗೆ ಕಚ್ಚಿಕೊಂಡ.

ಅಂದರೆ ಬೀದಿಗೇ ಗೊತ್ತು. ಲಾಯರಮ್ಮನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ, ತನಗೆ ಗೊತ್ತಿಲ್ಲ. ಮಾಸ್ಟರು ಅಲ್ಲಿನ ಕಲ್ಲಿನ ಕಟ್ಟೆಯ ಮೇಲೆ ಕೂತರು. ಎರಡು ಬೀದಿ ಆಚೆ ಇನ್ನೊಂದು ಅಂಗಡಿ ಇತ್ತು. ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. ಎದೆಯಲ್ಲಿ ಬೆಂಕಿ ಬಿದ್ದಿತ್ತು. ನಲವತ್ತು ದಿನದಲ್ಲಿ ಮೊದಲ ಸಲ ಎದೆಯಲ್ಲಿ ಏನೋ ಒಂದು ಅಲುಗಾಡಿತ್ತು. ಎದ್ದು ಆ ಅಂಗಡಿಯ ದಾರಿ ಹಿಡಿದರು. ಒಂದು ಬೀದಿ ದಾಟುವಷ್ಟರಲ್ಲಿ ಹೆಂಡತಿಯ ಮಾತು ಅಡ್ಡ ಬಂತು: ಗೊತ್ತಾದ ಕ್ಷಣ ನೀವೂ ಶುರು ಮಾಡ್ತಿದ್ರಿ. ಈಗ ಹಚ್ಚಿದರೆ, 'ನೋಡಿದ್ರಾ, ನಾನು ಅಂದದ್ದು ಸರಿ ಇತ್ತು' ಅಂತ ಅವಳು ಹೇಳಬಹುದು. ಅವಳಿಗೆ ಆ ಒಂದು ಗೆಲುವು ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಒಳ್ಳೆಯ ಕಾರಣವಲ್ಲ. ಆದರೂ ಅಂದು ಅವರನ್ನು ತಡೆದದ್ದು ಅದೇ. ಮನೆಗೆ ಬಂದು, ಲಾಯರಮ್ಮನ ಕೋಟಿನ ಒಳಗಿನ ಅಸ್ತರನ್ನೆಲ್ಲ ಬಿಚ್ಚಿ, ಹೊಸದು ಹಾಕಿದರು. ಇಸ್ತ್ರಿಯನ್ನೂ ತಾವೇ ಮಾಡಿದರು.

ಮನೆಯಲ್ಲಿ ಮಾತು ಅಳತೆಗೆ ಬಂತು. ಬಡಿಸು, ಸಾಕು, ಬಾಗಿಲು ಹಾಕು, ಇಷ್ಟೇ. ಪುಟ್ಟ ಇದ್ದರೆ ಮಾಸ್ಟರು ಊಟಕ್ಕೆ ಕೂರುತ್ತಿರಲಿಲ್ಲ. ಮಗಳಿಗೆ ವಿಷಯ ತಿಳಿದ ದಿನ ಅವಳು ಅಪ್ಪನಿಗಿಂತ ಜೋರಾಗಿ ಕೂಗಾಡಿದಳು.

"ಅಮ್ಮ, ಒಬ್ಬರಾದ್ರೂ ಉಳೀಲಿ ಅಂದ್ಯಲ್ಲ, ಇನ್ನೊಬ್ಬರು ಯಾರು? ಮಚ್ಚೆ ಇರೋದು ಚಿಕ್ಕಪ್ಪನ ಎದೇಲಿ! ಗಂಡನ್ನ ಉಳಿಸೋಕೆ ಮೈದುನನ್ನ ಓಣೀಲಿ ನಿಲ್ಲಿಸಿ ಕಾವಲು ಕಾದ್ಯಾ?"

"ಬಿಡು ಬಿಡು ಅಂತ ಅವನಿಗೂ ದಿನಾ ಹೇಳಿದೀನಿ ಕಣೇ..."

"ಸೋಪಿನ ಬಟ್ಟಲು ಕೊಟ್ಟು ಹೇಳಿದೆ!"

ಮಾಸ್ಟರ ಹೆಂಡತಿ ಅಂದು ಪಾತ್ರೆ ತೊಳೆಯುವ ಕಡೆ ಮುಖ ಮಾಡಿ ತುಂಬಾ ಹೊತ್ತು ನಿಂತಳು. ಅವಳ ಬೆನ್ನು ಅಲುಗುತ್ತಿದ್ದುದನ್ನು ಮಾಸ್ಟರು ಕಂಡರು. ಹತ್ತಿರ ಹೋಗಬೇಕೆನ್ನಿಸಿತು, ಹೋಗಲಿಲ್ಲ.

ಮೂರು ತಿಂಗಳು ತುಂಬಿದಾಗ ಎರಡನೆಯ ಚಿತ್ರ ತೆಗೆದರು. ಮಚ್ಚೆ ಹಾಗೇ ಇರಲಿಲ್ಲ, ಕೊಂಚ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆಯಬೇಕು, ಆದರೆ ನಾಲ್ಕು ವಾರ ಹೊಗೆ ಮುಟ್ಟದೆ ಬಂದರೆ ಮಾತ್ರ ಅಂದರು ಡಾಕ್ಟರು. ಆ ಸಂಜೆ ಪುಟ್ಟ ಅಂಗಡಿಗೆ ಬಂದು ಕತ್ತರಿಸುವ ಮೇಜಿನ ಆಚೆ ಬದಿಯಲ್ಲಿ ನಿಂತ. ಮೊದಲ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ಅಣ್ಣ, ನೀನು ಹೇಗೆ ಬಿಟ್ಟೆ ಹೇಳು."

ಮಾಸ್ಟರು ಕತ್ತರಿ ನಿಲ್ಲಿಸಲಿಲ್ಲ. "ನಿನ್ನ ನೋಡ್ಕೊಂಡು ಬಿಟ್ಟೆ," ಅಂದರು. "ನೀನು ಹಾಡ್ಕೊಂಡು ಇಸ್ತ್ರಿ ಮಾಡ್ತಿದ್ಯಲ್ಲ, ಅದನ್ನ ನೋಡಿ, ಒಂದಿನ ನಾನೂ ಹೀಗೇ ಆಗ್ತೀನಿ ಅಂದ್ಕೊಂಡು ಬಿಟ್ಟೆ."

ಪುಟ್ಟ ಮೇಜಿನ ಅಂಚು ಹಿಡಿದುಕೊಂಡು ಅತ್ತ. ಗಿರಾಕಿಯೊಬ್ಬರು ಬಾಗಿಲವರೆಗೆ ಬಂದು ನೋಡಿ ವಾಪಸು ಹೋದರು. ಬಟ್ಟೆಯ ಕೊನೆಯವರೆಗೆ ಕತ್ತರಿಸಿ ಮುಗಿಸಿದ ಮೇಲೆ ಮಾಸ್ಟರು ಕತ್ತರಿ ಕೆಳಗಿಟ್ಟರು.

"ಕೇಳು. ಮೊದಲ ವಾರ ಮೈ ಬೇಡುತ್ತೆ. ತಡ್ಕೋಬಹುದು. ಹತ್ತನೇ ದಿನದ ಹೊತ್ತಿಗೆ ಯಾವುದರಲ್ಲೂ ಅರ್ಥ ಇಲ್ಲ ಅನ್ನಿಸುತ್ತೆ. ಅಳು ಬರುತ್ತೆ. ಕಾರಣ ಹುಡುಕೋಕೆ ಹೋಗಬೇಡ, ಕಾರಣ ಇರಲ್ಲ. ಬೆಳಿಗ್ಗೆ ನಮ್ಮ ಜೊತೆ ನಡೀತೀಯ. ಕಾಜಾ ಎಲ್ಲ ಕೈಯಲ್ಲೇ ಹೊಲೀತೀಯ. ಅದು ಹೋಗುತ್ತೆ. ಹೋಗುತ್ತೆ ಅಂತ ನನಗೆ ಅನುಭವಿಸಿದವರು ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ. ನಿನಗೆ ನಾನು ಕೊಡ್ತಿದ್ದೀನಿ."

"ನನ್ನ ಮೇಲಿನ ಸಿಟ್ಟು ಹೋಯ್ತಾ ಅಣ್ಣ?"

"ಇಲ್ಲ," ಅಂದರು ಮಾಸ್ಟರು. "ನಾಳೆ ಆರೂವರೆಗೆ ರೆಡಿ ಇರು."

ಬೆಳಗಿನ ನಡಿಗೆ ಮೂವರದಾಯಿತು. ಹನ್ನೊಂದನೆಯ ದಿನ ಪುಟ್ಟ ಇಸ್ತ್ರಿ ಕೋಣೆಯಲ್ಲಿ ನೆಲದ ಮೇಲೆ ಕೂತು, ಎದ್ದೇಳಲು ಒಲ್ಲೆ ಅಂದ. ಮಾಸ್ಟರು ಹೋಗಿ ಪಕ್ಕದಲ್ಲೇ ಕೂತು ಒಂದು ಅಂಗಿ, ಸೂಜಿದಾರ ಅವನ ಮಡಿಲಿಗೆ ಹಾಕಿ, ತಾವೂ ಒಂದು ಹಿಡಿದರು. ಇಬ್ಬರೂ ಒಂದೊಂದೇ ಹೊಲಿಗೆ ಎಣಿಸುತ್ತಾ ಕೂತರು. ತಾಯಿ ಬಾಗಿಲಲ್ಲಿ ಬಂದು ಏನೋ ಹೇಳಲು ಬಾಯಿ ತೆಗೆದವಳು, ಹಿರಿಮಗನ ಮುಖ ನೋಡಿ ಸುಮ್ಮನೆ ಹಿಂದಿರುಗಿದಳು.

ಮೂರನೆಯ ವಾರದ ಒಂದು ಭಾನುವಾರ. ಪುಟ್ಟ, "ತಲೆ ಭಾರ, ಸ್ವಲ್ಪ ಗಾಳಿಗೆ ನಿಲ್ತೀನಿ," ಅಂತ ಹಿಂದಿನ ಓಣಿಗೆ ಹೋದ. ಮಗಳು ಡ್ಯೂಟಿಗೆ ಹೋಗಿದ್ದಳು, ತಾಯಿ ಮಲಗಿದ್ದಳು. ಊಟದ ಮೇಜಿನಲ್ಲಿ ಗಂಡ ಹೆಂಡತಿ ಇಬ್ಬರೇ. ಅವಳು ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಬಡಿಸದೆ ನಿಂತಳು.

"ತಮ್ಮನ ಜೊತೆ ಕೂತು ಹೊಲೀತೀರಿ. ನನ್ನ ಜೊತೆ ಮಾತಿಲ್ಲ. ತಪ್ಪು ಅವನದೇ ದೊಡ್ಡದಲ್ವಾ?"

ಮಾಸ್ಟರು ಯೋಚಿಸಿ ಉತ್ತರ ಕೊಟ್ಟರು. "ಅವನದು ಚಟ ಹೇಳಿಸಿದ ಸುಳ್ಳು. ಚಟ ಏನೇನು ಹೇಳಿಸುತ್ತೆ ಅಂತ ನನಗೆ ಗೊತ್ತು, ನಾನೂ ನಿನಗೆ ಎಷ್ಟೋ ಸುಳ್ಳು ಹೇಳಿದ್ದೀನಿ. ನಿನ್ನದು ಯಾವ ಚಟ?"

ಅವಳು ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಅದರಿಂದ ನೀರಿನ ಹನಿ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀವು ಸತ್ತುಹೋಗ್ತೀರಿ ಅನ್ನೋ ಭಯ," ಅಂದಳು. "ಇಪ್ಪತ್ತಾರು ವರ್ಷದಿಂದ. ನೀವು ಒಂದೊಂದು ಹಚ್ಚಿದಾಗಲೂ. ಅದಕ್ಕಿಂತ ದೊಡ್ಡ ಚಟ ಬೇಕಾ?"

ಮಾಸ್ಟರಿಗೆ ಈ ಮಾತು ಹೊಸದು. ಬೈಗುಳ ಕೇಳಿದ್ದರು, ಗೊಣಗಾಟ ಕೇಳಿದ್ದರು, ಇದನ್ನು ಕೇಳಿರಲಿಲ್ಲ. ಬಾಯಲ್ಲಿ ಇನ್ನೊಂದು ಪ್ರಶ್ನೆ ಬಂತು. ಕೇಳಲೋ ಬೇಡವೋ ಅಂತ ತಟ್ಟೆ ನೋಡಿದರು.

"ಪುಟ್ಟ ನಿಜವಾಗ್ಲೂ ಬಿಟ್ಟಿದ್ದಾನಾ?"

"ಬಿಟ್ಟಿದ್ದಾನೆ. ನನಗೆ ಗೊತ್ತು. ಸುಮ್ನೆ ಗಾಳಿಗೆ ನಿಂತಿದ್ದಾನೆ."

ಅವಳ ಕಣ್ಣಲ್ಲಿ ಕಪಟ ಇರಲಿಲ್ಲ. ಅವರು ಅದನ್ನು ಕಂಡರು. ಕಂಡೂ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಅವಳ ಪಕ್ಕದಿಂದಲೇ ಹಾದು, ಬಾಗಿಲು ತೆಗೆದು ಹೊರಗೆ ನೋಡಿದರು. ಪುಟ್ಟ ಎದುರುಗೋಡೆಗೆ ಒರಗಿ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಕಾಲ ಬುಡದಲ್ಲಿ ಏನೂ ಬಿದ್ದಿರಲಿಲ್ಲ. ಮಾಸ್ಟರು ಗಾಳಿಯನ್ನು ಒಮ್ಮೆ ಒಳಗೆಳೆದುಕೊಂಡರು. ಒದ್ದೆ ಬಟ್ಟೆ, ಚರಂಡಿ, ಯಾರದೋ ಮನೆಯಲ್ಲಿ ಹುರಿಯುತ್ತಿದ್ದ ಮೊಟ್ಟೆ. ಅಷ್ಟೇ.

ಒಳಗೆ ಬಂದು ಕೂತರು.

"ಹೌದು," ಅಂದರು. "ಸೇದ್ತಿಲ್ಲ."

"ನಾನು ಹೇಳಿದ್ನಲ್ಲ."

"ಹೇಳಿದೆ."

ಅವಳು ಕಾಯುತ್ತಾ ನಿಂತಳು. ಮಾಸ್ಟರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಡಿಸು," ಅಂದರು.